ಲಾಂಗು ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ

ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಭಾನುವಾರ ನಾವು ನಾಲ್ವರು ಗೆಳೆಯರು ಒಂದೇ ಮೊಬೈಲಿನಲ್ಲಿ ಒಂದು ಫ್ರೆಂಚ್ ಸಿನಿಮಾ ನೋಡಿದೆವು. ಹೆಸರು ‘ಡಿಸ್ಟ್ರಿಕ್ಟ್ ಬಿ13’. 2004ರಲ್ಲಿ ಬಂದದ್ದು, ಅಂದರೆ ನಾವು ಹುಟ್ಟುವುದಕ್ಕಿಂತ ಮುಂಚಿನದು. ಮಾತು ನಮಗೆ ಒಂದೂ ತಿಳಿಯಲಿಲ್ಲ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು, ಅವನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ನಾಯಕ ಮಹಡಿಯಿಂದ ಮಹಡಿಗೆ ಹಾರುವುದನ್ನು, ಕಿಟಕಿಯ ಸಣ್ಣ ಸಂದಿಯಲ್ಲಿ ಮೈ ತೂರಿಸಿ ಪಾರಾಗುವುದನ್ನು ಮಾತ್ರ ಬಾಯಿ ತೆರೆದುಕೊಂಡು ನೋಡಿದೆವು.

ಮರುದಿನ ಸಂಜೆ ನಮ್ಮಲ್ಲಿ ಒಬ್ಬ ಹೈವೇ ಸರ್ವಿಸ್ ರಸ್ತೆಯ ಪಕ್ಕ ಅರ್ಧ ಕಟ್ಟಿ ಬಿಟ್ಟಿದ್ದ ಗೋಡೆಯ ಮೇಲೆ ಹತ್ತಿ, “ನೋಡ್ರಲೇ, ಈಗ ಹಾರ್ತೀನಿ” ಅಂದ. ಹಾರಿದ ಕೂಡ. ಮೂರು ವಾರ ಕಾಲಿಗೆ ಪಟ್ಟಿ ಸುತ್ತಿಕೊಂಡು ಕಾಲೇಜಿಗೆ ಬಂದವನು ಯಾರು ಎಂದು ನಿಮಗೆ ಗೊತ್ತೇ ಇದೆ, ಹೆಸರು ಬರೆಯುವುದಿಲ್ಲ. ಆ ನಾಯಕ ಡೇವಿಡ್ ಬೆಲ್ ಎನ್ನುವವರು ಚಿಕ್ಕಂದಿನಿಂದ ಅಭ್ಯಾಸ ಮಾಡಿ ಪಾರ್ಕೂರ್ ಎಂಬ ಆ ವಿದ್ಯೆಯನ್ನೇ ರೂಪಿಸಿದವರು ಎಂಬುದು ನಮಗೆ ಆಮೇಲೆ ತಿಳಿಯಿತು.

ಕಾಲು ಉಳುಕಿದ್ದು ದೊಡ್ಡ ಸಂಗತಿಯಲ್ಲ. ಆ ಸಿನಿಮಾದಲ್ಲಿ ನಾವು ಯಾರೂ ಗಮನಿಸದ ಒಂದು ದೃಶ್ಯವಿದೆ. ಅದನ್ನು ನಾನು ಎರಡನೇ ಸಲ, ಅಕ್ಷರ ಓದುತ್ತ ನೋಡಿದಾಗ ಕಂಡೆ. ಈ ಲೇಖನ ಅದರ ಬಗ್ಗೆ.

ಕಥೆ ಇಷ್ಟು. ಪ್ಯಾರಿಸ್ ನಗರದ ಹೊರವಲಯದ ಒಂದು ಬಡ ಬಡಾವಣೆಯ ಸುತ್ತ ಸರ್ಕಾರ ಗೋಡೆ ಕಟ್ಟಿಬಿಡುತ್ತದೆ. ಒಳಗೆ ಶಾಲೆ ಇಲ್ಲ, ಪೊಲೀಸರೂ ಜಾಗ ಖಾಲಿ ಮಾಡುತ್ತಾರೆ. ಬಿಟ್ಟು ಹೋದ ಆ ಜಾಗವನ್ನು ತಾಹಾ ಎಂಬ ಮಾದಕ ವಸ್ತು ವ್ಯಾಪಾರಿಯ ಗ್ಯಾಂಗು ಆಳುತ್ತದೆ. ಅವನ ಕೈಗೆ ಒಂದು ಬಾಂಬು ಸಿಗುತ್ತದೆ. ಅದನ್ನು ತೋರಿಸಿ ಸರ್ಕಾರದಿಂದ ಕೋಟಿಗಟ್ಟಲೆ ಕೇಳುತ್ತಾನೆ. ಸರ್ಕಾರದವರು ಹಣ ಕೊಡುವುದರ ಬದಲು ಅವನ ಬ್ಯಾಂಕ್ ಖಾತೆಗಳನ್ನೇ ಬರಿದು ಮಾಡುತ್ತಾರೆ. ಆಮೇಲೆ ಏನಾಗುತ್ತದೆ? ನಾಯಕ ಬಂದು ಅವನನ್ನು ಕೊಲ್ಲುವುದಿಲ್ಲ, ಪೊಲೀಸರೂ ಕೊಲ್ಲುವುದಿಲ್ಲ. ಇನ್ನು ಪಗಾರ ಕೊಡಲು ಇವನ ಹತ್ತಿರ ಹಣವಿಲ್ಲ ಎಂದು ಗೊತ್ತಾದ ಗಳಿಗೆಯಲ್ಲಿ ಅವನ ಸ್ವಂತ ಹುಡುಗರೇ ಅವನಿಗೆ ಗುಂಡು ಹೊಡೆಯುತ್ತಾರೆ.

ನಾನು ಕಾಮರ್ಸ್ ವಿದ್ಯಾರ್ಥಿ. ಈ ದೃಶ್ಯ ನೋಡಿ ನನಗೆ ನಮ್ಮ ಲೆಕ್ಕಶಾಸ್ತ್ರದ ಪುಸ್ತಕ ನೆನಪಾಯಿತು. ದ್ವಿತೀಯ ಪಿಯುಸಿಯಲ್ಲಿ ಪಾಲುದಾರಿಕೆ ಓದುತ್ತೇವೆ. ಹೊಸ ಪಾಲುದಾರನ ಪ್ರವೇಶ ಒಂದು ಅಧ್ಯಾಯ, ನಿವೃತ್ತಿ ಮತ್ತು ಮರಣ ಇನ್ನೊಂದು. ಗ್ಯಾಂಗು ಎನ್ನುವುದೂ ಒಂದು ಸಂಸ್ಥೆಯೇ. ಆದರೆ ಅಲ್ಲಿ ಪ್ರವೇಶ ಇದೆ, ಮರಣ ಇದೆ, ನಡುವಿನ ನಿವೃತ್ತಿಯ ಪುಟ ಹರಿದುಹೋಗಿದೆ.

ಇದು ಪ್ಯಾರಿಸ್ಸಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಕನ್ನಡದಲ್ಲೇ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ಇವತ್ತು ‘ಭೂಗತ ಲೋಕ’ ಎಂದ ಕೂಡಲೇ ನಮ್ಮ ಹುಡುಗರ ಬಾಯಲ್ಲಿ ಮೊದಲು ಬರುವ ಹೆಸರು ‘ಓಂ’. ಉಪೇಂದ್ರ ನಿರ್ದೇಶಿಸಿ ಶಿವರಾಜ್‌ಕುಮಾರ್ ನಟಿಸಿದ ಈ ಚಿತ್ರ 1995ರಲ್ಲಿ ಬಂತು. ಅರ್ಚಕರ ಮಗನೊಬ್ಬ ಪ್ರೀತಿಯ ಕಾರಣಕ್ಕೆ ರೌಡಿಯಾಗುವ ಕಥೆ. ಬೆಂಗಳೂರಿನ ನಿಜವಾದ ಕೆಲವು ರೌಡಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದಾರೆ. ನೂರಾರು ಸಲ ಅದು ಮತ್ತೆ ಮತ್ತೆ ಥಿಯೇಟರಿಗೆ ಬಂದಿದೆ. ನನ್ನ ಅಬ್ಬಾ ಕೂಡ ಲಗ್ನಕ್ಕೆ ಮುಂಚೆ ಅದನ್ನು ನೋಡಿದವರು. ಅವರನ್ನು ಕೇಳಿದೆ, “ಏನು ನೆನಪಿದೆ?” ಅವರು ಹೇಳಿದ್ದು ಶಿವಣ್ಣನ ಗಡ್ಡ, ಆ ನೋಟ, ಕೈಯಲ್ಲಿದ್ದ ಲಾಂಗು. ಮಗನ ದಾರಿಯಿಂದ ತಂದೆಯ ಮನೆ ಏನಾಯಿತು ಎಂದು ಕೇಳಿದರೆ, “ಅದೂ ಇತ್ತು ಕಣಪ್ಪಾ, ಆದರೆ ಅದು ಯಾರಿಗೆ ನೆನಪಿರುತ್ತದೆ” ಅಂದರು.

ಇನ್ನೊಂದು ಚಿತ್ರ ‘ಆ ದಿನಗಳು’, 2007ರದ್ದು. ಕೆ.ಎಂ. ಚೈತನ್ಯ ಅದರ ನಿರ್ದೇಶಕರು, ಗಿರೀಶ ಕಾರ್ನಾಡರು ಚಿತ್ರಕಥೆಯಲ್ಲಿ ಕೈ ಜೋಡಿಸಿ ಒಂದು ಪಾತ್ರವನ್ನೂ ಮಾಡಿದ್ದಾರೆ. ಅದು ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಎಂಬ ಆತ್ಮಕಥನವನ್ನು ಆಧರಿಸಿದ್ದು. ಆ ಲೋಕದ ಒಳಗೆ ಇದ್ದು, ಹೊರಗೆ ಬಂದು, ಪತ್ರಿಕೆ ನಡೆಸಿ, ಕಂಡದ್ದನ್ನು ಬರೆದವರು ಅವರು. 1980ರ ದಶಕದ ಬೆಂಗಳೂರಿನಲ್ಲಿ ಜಯರಾಜ್ ಮತ್ತು ಕೊತ್ವಾಲ್ ರಾಮಚಂದ್ರ ಎಂಬ ಇಬ್ಬರ ಹೆಸರು ಕೇಳಿದರೆ ಜನ ಹೆದರುತ್ತಿದ್ದರು. ಕೊತ್ವಾಲ್ 1986ರಲ್ಲಿ ಅಡಗಿಕೊಂಡಿದ್ದ ಜಾಗದಲ್ಲಿ ಸತ್ತ. ಕೊಂದವರು ಅವನ ಜೊತೆ ಸೇರಿ ಅಲ್ಲೇ ಉಂಡು ಮಲಗುತ್ತಿದ್ದವರು. ಜಯರಾಜ್ 1989ರಲ್ಲಿ ಕೊಲೆಯಾದ. ಇಡೀ ನಗರವನ್ನು ನಡುಗಿಸಿದ ಇಬ್ಬರ ಕಥೆ ನಾಲ್ಕು ವರ್ಷಗಳ ಒಳಗೆ ಮುಗಿಯಿತು. ಕೊತ್ವಾಲನ ಕೊನೆಗೂ ಫ್ರೆಂಚ್ ಸಿನಿಮಾದ ತಾಹಾನ ಕೊನೆಗೂ ಏನು ವ್ಯತ್ಯಾಸ? ಇಬ್ಬರೂ ಸತ್ತದ್ದು ಪಕ್ಕದಲ್ಲಿ ಇದ್ದವರ ಕೈಯಿಂದ. ಒಂದು ಕಲ್ಪನೆ, ಇನ್ನೊಂದು ನಡೆದದ್ದು.

ಹೊರಗೆ ಬಂದು ಪುಸ್ತಕ ಬರೆದವರೂ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ಬರೆಯಲು ಬದುಕಿ ಉಳಿಯದವರ ಪುಸ್ತಕ ಮಾತ್ರ ನಮಗೆ ಓದಲು ಸಿಗುವುದಿಲ್ಲ.

ಇಲ್ಲಿ ಒಂದು ಮಾತು ನನ್ನ ಮನಸ್ಸಿಗೆ ತಾಗಿದ್ದನ್ನು ಹೇಳಬೇಕು. ಆ ಫ್ರೆಂಚ್ ಚಿತ್ರದ ಖಳನ ಪೂರ್ಣ ಹೆಸರು ತಾಹಾ ಬಿನ್ ಮಹಮೂದ್. ನಮ್ಮ ಓಣಿಯಲ್ಲಿ ಎರಡು ವರ್ಷದ ಒಂದು ಕೂಸಿಗೂ ಅದೇ ಹೆಸರಿದೆ. ಅವನು ಈಗಷ್ಟೇ ಬಾಗಿಲು ಹಿಡಿದು ನಡೆಯುತ್ತಿದ್ದಾನೆ. ನಮ್ಮ ಮನೆಯಲ್ಲಿ ‘ಭಾಯಿ’ ಅಂದರೆ ಅಣ್ಣ. ಹಿಂದಿ ಸಿನಿಮಾದಲ್ಲಿ ‘ಭಾಯಿ’ ಅಂದರೆ ಡಾನ್. ಇದರಿಂದ ಬೇಸರ ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಎರಡನೇ ಸಲ ನೋಡಿದಾಗ ಇನ್ನೂ ಎರಡು ಸಂಗತಿ ಕಂಡವು. ತಾಹಾ ಪಾತ್ರ ಮಾಡಿದ ಬಿಬಿ ನಸೇರಿಯವರೇ ಆ ಚಿತ್ರದ ಕಥೆ ಬರೆದ ಇಬ್ಬರಲ್ಲಿ ಒಬ್ಬರು, ಅವರೂ ಅಲ್ಜೀರಿಯಾ ಮೂಲದ ಮನೆತನದವರು. ಮತ್ತು ಚಿತ್ರದ ಕೊನೆಗೆ ದೊಡ್ಡ ಅಪರಾಧಿ ಎಂದು ತಿಳಿಯುವುದು ತಾಹಾ ಅಲ್ಲ, ಆ ಬಾಂಬಿನಿಂದ ಬಡಾವಣೆಯನ್ನೇ ಅಳಿಸಿಹಾಕಲು ಯೋಚಿಸಿದ ದೊಡ್ಡ ಅಧಿಕಾರಿ. ಕನ್ನಡ ಚಿತ್ರಗಳಲ್ಲೂ ರೌಡಿಯನ್ನು ಹುಡುಗರು ‘ಅಣ್ಣ’ ಎಂದೇ ಕರೆಯುತ್ತಾರೆ. ಅಣ್ಣನೋ ಭಾಯಿಯೋ, ಮನೆಯ ಒಳ್ಳೆಯ ಶಬ್ದವನ್ನು ಕದಿಯುವುದು ಎರಡೂ ಭಾಷೆಯಲ್ಲಿ ನಡೆದಿದೆ. ಆ ಶಬ್ದವನ್ನು ಮನೆಗೆ ತಿರುಗಿ ತರುವವರು ನಾವೇ, ನಮ್ಮ ನಡತೆಯಿಂದ.

ಈಗ ಎರಡು ಕಡೆಯ ವಾದ ನೋಡೋಣ. ಗೆಳೆಯರು ಹೇಳುತ್ತಾರೆ, “ಸಿನಿಮಾ ನೋಡಿ ಯಾರೂ ರೌಡಿ ಆಗಂಗಿಲ್ಲ, ಸುಮ್ಮನೆ ಭಾಷಣ ಮಾಡಬ್ಯಾಡ.” ಹಿರಿಯರು ಹೇಳುತ್ತಾರೆ, “ಮೊಬೈಲ್ ಕಸಿದುಕೊಂಡರೆ ಎಲ್ಲ ಸರಿ ಹೋಗುತ್ತದೆ.” ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ‘ಓಂ’ ನೋಡಿದ ಲಕ್ಷಾಂತರ ಜನ ಹೊಲ ಉತ್ತರು, ಲಾರಿ ಓಡಿಸಿದರು, ನನ್ನ ಅಬ್ಬಾನ ಹಾಗೆ ಅಂಗಡಿ ಇಟ್ಟರು. ಹಾಗಾಗಿ ಸಿನಿಮಾ ಕೆಡಿಸಿತು ಎನ್ನುವುದು ಸುಲಭದ ಮಾತು. ಆದರೆ ಏನೂ ಆಗುವುದಿಲ್ಲ ಎನ್ನುವುದೂ ಸರಿಯಲ್ಲ. 2025ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ, ಟಿವಿ ರಿಯಾಲಿಟಿ ಶೋದಿಂದ ಹೆಸರಾದ ಇಬ್ಬರನ್ನು ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧಿಸಿದರು. ಕೆಲವು ಸೆಕೆಂಡಿನ ವಿಡಿಯೊ, ಅದಕ್ಕೆ ಜೈಲು. ಹೆಸರು, ವಕೀಲರು, ಅಭಿಮಾನಿಗಳು ಇದ್ದವರಿಗೇ ಹೀಗಾದರೆ, ಹತ್ತರಗಿಯ ಹುಡುಗನಿಗೆ ಏನಾದೀತು ಯೋಚಿಸಿ.

ನಮ್ಮ ಸಿನಿಮಾಗಳು ಲಾಂಗನ್ನು ಹತ್ತಿರದಿಂದ ತೋರಿಸುತ್ತವೆ, ಲೆಕ್ಕದ ಪುಸ್ತಕವನ್ನು ತೋರಿಸುವುದಿಲ್ಲ. ನನ್ನ ತಕರಾರು ಇದು. ಹಫ್ತಾ ಯಾರು ಕೊಟ್ಟರು, ಆ ಹಣ ಯಾವ ಕೈಯಿಂದ ಯಾವ ಕೈಗೆ ಹೋಯಿತು, ಕೊನೆಗೆ ಯಾರ ಮನೆ ಮುಳುಗಿತು ಎಂಬುದು ತೆರೆಯ ಮೇಲೆ ಬರುವುದಿಲ್ಲ. ಅದರಿಂದ ನಮಗೆ ಒಂದು ಮರುಳು ಹಿಡಿದಿದೆ. ಅಪರಾಧ ಎಂದರೆ ಕೆಂಪು ಕಣ್ಣು, ಉದ್ದ ಕೂದಲು, ಬುಲೆಟ್ ಗಾಡಿ ಮೇಲೆ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ನಮ್ಮ ಮನೆಗೆ ಅದು ಬಂದಾಗ ಹಾಗೆ ಬರಲಿಲ್ಲ.

ನನ್ನ ಖಾಲಾ ಅವರ ಮಗ, ನನಗೆ ಭಾಯಿ, ಹೈವೇ ಪಕ್ಕದ ಒಂದು ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಪುಣೆ–ಬೆಂಗಳೂರು ರಸ್ತೆಯಲ್ಲಿ ರಾತ್ರಿ ಲಾರಿಯ ಟೈರು ಒಡೆದರೆ ಟೋಲ್ ನಾಕಾದ ಆಚೆ ಈಚೆ ಎಲ್ಲೇ ಇದ್ದರೂ ಎದ್ದು ಹೋಗುವವರು. ಅವರ ಹೆಸರು ಬರೆಯುವುದಿಲ್ಲ ಎಂಬ ಮಾತಿನ ಮೇಲೆ, ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ.

ಹೋದ ವರ್ಷ ಅವರಿಗೆ ಒಬ್ಬ ಪರಿಚಯದವನು ಸಿಕ್ಕ. ಶರ್ಟು ಇನ್ ಮಾಡಿದ್ದ, ನಯವಾಗಿ ಮಾತಾಡುತ್ತಿದ್ದ, ಹೋಗುವಾಗ ಸಲಾಂ ಹೇಳಿ ಹೋಗುತ್ತಿದ್ದ. ಅವನು ಕೇಳಿದ್ದು ಇಷ್ಟೇ: ನಿನ್ನ ಹೆಸರಿನಲ್ಲಿ ಒಂದು ಹೊಸ ಉಳಿತಾಯ ಖಾತೆ ತೆರೆ, ಒಂದು ಹೊಸ ಸಿಮ್ ತೆಗೆದುಕೋ, ಎಟಿಎಂ ಕಾರ್ಡು ಮತ್ತು ಸಿಮ್ ನನಗೆ ಕೊಡು, 4,000 ರೂಪಾಯಿ ಕೊಡುತ್ತೇನೆ. ಕಂಪನಿಯ ಹಣ ಹಾಕಲು ಖಾತೆ ಸಾಲುತ್ತಿಲ್ಲ, ಟ್ಯಾಕ್ಸ್ ತೊಂದರೆ, ಒಂದು ತಿಂಗಳ ಮಟ್ಟಿಗೆ ಮಾತ್ರ ಎಂದ.

ಭಾಯಿ ಏಳನೇ ತರಗತಿಗೆ ಶಾಲೆ ಬಿಟ್ಟವರು. ಬ್ಯಾಂಕಿನ ಅರ್ಜಿ ತಂದು ನನ್ನ ಮುಂದೆ ಇಟ್ಟರು. “ನೀ ಕಾಮರ್ಸ್ ಓದಾಕತ್ತಿ, ತುಂಬಿ ಕೊಡು” ಅಂದರು. ನಾನು ತುಂಬಿದೆ. ಹೆಸರು, ತಂದೆಯ ಹೆಸರು, ಉದ್ಯೋಗ, ವಾರ್ಷಿಕ ಆದಾಯ, ಎಲ್ಲಾ ಚೊಕ್ಕ ಅಕ್ಷರದಲ್ಲಿ. ಇನ್ನೊಬ್ಬರ ಖಾತೆಯಲ್ಲಿ ಕಂಪನಿ ತನ್ನ ಹಣ ಯಾಕೆ ಇಡುತ್ತದೆ ಎಂಬ ಒಂದು ಪ್ರಶ್ನೆ ನಾನು ಕೇಳಲಿಲ್ಲ. ವಾರಕ್ಕೆ ಐದು ತಾಸು ಜಮಾ–ಖರ್ಚು ಓದುವ ನಾನು ಕೇಳಲಿಲ್ಲ.

ಹದಿನೈದು ದಿನದಲ್ಲಿ ಆ ಖಾತೆಗೆ ಲಕ್ಷಗಟ್ಟಲೆ ಹಣ ಬಂತು, ಬಂದ ಹಾಗೆ ಹೋಯಿತು. ಆಮೇಲೆ ಖಾತೆ ಸ್ಥಗಿತವಾಯಿತು. ಆಮೇಲೆ ಬೇರೆ ರಾಜ್ಯದ ಒಂದು ಪೊಲೀಸ್ ಠಾಣೆಯಿಂದ ನೋಟಿಸು ಬಂತು. ಪರಿಚಯದವನ ಫೋನು ಹತ್ತಲಿಲ್ಲ, ಇವತ್ತಿಗೂ ಹತ್ತಿಲ್ಲ. ಭಾಯಿ ಮತ್ತು ಖಾಲೂ ರೈಲು ಹತ್ತಿ ಮೂರು ಸಲ ಅಲ್ಲಿಗೆ ಹೋಗಿ ಬಂದರು. ವಕೀಲರ ಫೀಸಿಗೆ ಖಾಲಾ ತಮ್ಮ ಎರಡು ಬಳೆ ಅಡವಿಟ್ಟರು. 4,000ಕ್ಕೆ ಎದುರಾಗಿ ಎಷ್ಟು ಖರ್ಚಾಯಿತು ಎಂದು ನಾನು ಒಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ಆ ಪುಟ ಮತ್ತೆ ತೆರೆಯಲು ಮನಸ್ಸಾಗುವುದಿಲ್ಲ.

ಠಾಣೆಯಲ್ಲಿ ಅವರಿಗೆ ಮೊದಲು ಕೇಳಿದ ಪ್ರಶ್ನೆ, “ನಿನ್ನ ಗ್ಯಾಂಗಿನಲ್ಲಿ ಎಷ್ಟು ಜನ?” ಭಾಯಿಗೆ ಉತ್ತರ ಗೊತ್ತಿರಲಿಲ್ಲ. ತಾವು ಒಂದು ಗ್ಯಾಂಗಿನಲ್ಲಿ ಇದ್ದೇವೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಅದರ ಮುಖ್ಯಸ್ಥನನ್ನು ಅವರು ಕಂಡಿಲ್ಲ, ಬಹುಶಃ ಕಾಣುವುದೂ ಇಲ್ಲ. ತಾಹಾನಿಗೆ ಕೋಟೆಯಂಥ ಕಟ್ಟಡ ಇತ್ತು, ಬಂದೂಕಿನ ಹುಡುಗರಿದ್ದರು. ಈ ಗ್ಯಾಂಗಿಗೆ ಅದು ಯಾವುದೂ ಬೇಡ, ನಮ್ಮ ಪಾಸ್‌ಬುಕ್ ಸಾಕು.

ಇದನ್ನು ಓದಿ ಭಾಯಿಯ ಮೇಲೆ ಕನಿಕರ ಮಾತ್ರ ಪಡಬೇಡಿ ಎಂದು ಅವರೇ ಹೇಳಿದ್ದಾರೆ. ಆ ಹಣ ಗಾಳಿಯಿಂದ ಬಂದದ್ದಲ್ಲ. ದೂರು ಕೊಟ್ಟವರಲ್ಲಿ ಒಬ್ಬರು ನಿವೃತ್ತ ಶಿಕ್ಷಕರು ಎಂದು ಅವರಿಗೆ ಠಾಣೆಯಲ್ಲಿ ತಿಳಿಯಿತು. ನಮ್ಮ ಪುಸ್ತಕದ ಮೊದಲ ಪಾಠ, ಪ್ರತಿ ಜಮಾಕ್ಕೂ ಒಂದು ಖರ್ಚು ಇದ್ದೇ ಇರುತ್ತದೆ. ಭಾಯಿಯ ಖಾತೆಯ ಜಮಾ ಆ ಶಿಕ್ಷಕರ ಜೀವಮಾನದ ಉಳಿತಾಯದ ಖರ್ಚಾಗಿತ್ತು. “ಅವರ ಮುಖ ನಾನು ನೋಡಿಲ್ಲ, ಆದರೆ ನಿದ್ದೆಯಲ್ಲಿ ಬರುತ್ತಾರೆ” ಎಂದು ಭಾಯಿ ಒಮ್ಮೆ ನನಗೆ ಹೇಳಿದರು. ಆ ಅರ್ಜಿ ತುಂಬಿದ ಅಕ್ಷರ ನನ್ನದು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ ಎಂಬುದೂ ನಮಗೆ ಗೊತ್ತಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧದ ಬಗ್ಗೆ ಇದೆ. ಅದರಲ್ಲಿ ಸುಲಿಗೆ, ಭೂಕಬಳಿಕೆ, ಸುಪಾರಿ ಕೊಲೆಯ ಜೊತೆಗೆ ಆರ್ಥಿಕ ಅಪರಾಧ ಮತ್ತು ಸೈಬರ್ ಅಪರಾಧವೂ ಸೇರಿದೆ. ಇಂಥ ಗುಂಪಿನ ಸದಸ್ಯ ಎಂದು ಸಾಬೀತಾದರೆ ಕನಿಷ್ಠ 5 ವರ್ಷ ಜೈಲು, ಕನಿಷ್ಠ 5 ಲಕ್ಷ ರೂಪಾಯಿ ದಂಡ. ಸಿನಿಮಾದಲ್ಲಿ ನಾವು ನೋಡುವ ಲಾಂಗು ಹಿಡಿದವನೂ, ಖಾತೆ ಬಾಡಿಗೆಗೆ ಕೊಡಿಸಿ ಮೋಸ ನಡೆಸುವವನೂ ಈಗ ಕಾನೂನಿನ ಒಂದೇ ಕಲಮಿನ ಕೆಳಗೆ ಬರಬಹುದು.

ಫ್ರೆಂಚ್ ಸಿನಿಮಾದ ಗೋಡೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಅದು ಬಂದ ಮರುವರ್ಷ, 2005ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ಅಂಥದ್ದೇ ಒಂದು ಹೊರವಲಯದಲ್ಲಿ ಪೊಲೀಸರಿಗೆ ಹೆದರಿ ವಿದ್ಯುತ್ ಉಪಕೇಂದ್ರದೊಳಗೆ ಅಡಗಿದ ಇಬ್ಬರು ಹುಡುಗರು ಸತ್ತರು. ಅವರಲ್ಲಿ ಒಬ್ಬ ನನ್ನ ವಯಸ್ಸಿನವನು, ಇನ್ನೊಬ್ಬ ಇನ್ನೂ ಚಿಕ್ಕವನು. ಅದರ ನಂತರ ವಾರಗಟ್ಟಲೆ ಫ್ರಾನ್ಸ್ ಹೊತ್ತಿ ಉರಿಯಿತು. ಶಾಲೆ, ಕೆಲಸ, ನಂಬಿಕೆ ಮೂರೂ ಹಿಂದೆ ಸರಿದ ಜಾಗದಲ್ಲಿ ಏನು ಬೆಳೆಯುತ್ತದೆ ಎಂದು ಸಿನಿಮಾ ಮೊದಲೇ ಹೇಳಿತ್ತು. ನಮ್ಮ ಊರಿನ ಸುತ್ತ ಅಂಥ ಗೋಡೆ ಇಲ್ಲ. ರಸ್ತೆ ತೆರೆದಿದೆ, ಕಾಲೇಜು ತೆರೆದಿದೆ. ಪಿಯುಸಿ ನಡುವೆ ಬಿಟ್ಟು ಕೊಲ್ಹಾಪುರಕ್ಕೋ ಪುಣೆಗೋ ಕೆಲಸಕ್ಕೆ ಹೋಗುವ ನಮ್ಮ ಹುಡುಗರನ್ನು ನೋಡಿದಾಗ ಮಾತ್ರ ನನಗೆ ಅನಿಸುತ್ತದೆ, ಗೋಡೆಯನ್ನು ಯಾವಾಗಲೂ ಹೊರಗಿನವರೇ ಕಟ್ಟಬೇಕೆಂದಿಲ್ಲ. ಕೆಲಸ ಮಾಡುವುದು ತಪ್ಪಲ್ಲ, ಭಾಯಿಯ ಕೈಯ ಗ್ರೀಸು ಹಲಾಲ್ ಕಮಾಯಿಯ ಗುರುತು. ಆದರೆ ಅರ್ಜಿ ಓದಲು ಬಾರದವನನ್ನು ಮೋಸದವನು ಮೊದಲು ಹುಡುಕಿಕೊಂಡು ಬರುತ್ತಾನೆ.

ಹಾಗಾಗಿ ನನ್ನ ಸಹಪಾಠಿಗಳಿಗೆ ಮೂರು ಮಾತು. ನಿಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ ಇವನ್ನು ಸ್ವಂತ ಅಣ್ಣ ಕೇಳಿದರೂ ಕೊಡಬೇಡಿ. ಸ್ಕಾಲರ್‌ಶಿಪ್ಪಿಗಾಗಿ ಖಾತೆ ತೆರೆದ ನಮ್ಮೆಲ್ಲರಿಗೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಹಣ ಮೋಸವಾದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ದೂರ ಹೋಗುತ್ತದೆ. ಮತ್ತು ಅಕ್ಷರ ಬಾರದ ಹಿರಿಯರ ಅರ್ಜಿ ತುಂಬಿ ಕೊಡುವಾಗ, ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ನೀವು ಕೇಳಿ.

ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಕಾಮರ್ಸ್ ವಿಭಾಗದಿಂದ ವರ್ಷಕ್ಕೆ ಒಂದು ದಿನ ಬ್ಯಾಂಕಿನವರನ್ನು ಕರೆಸಿ, ಆ ದಿನ ಬಾಗಿಲು ನಮಗೆ ಮಾತ್ರವಲ್ಲ, ಓಣಿಯ ಗ್ಯಾರೇಜು, ಅಂಗಡಿಗಳಲ್ಲಿ ಕೆಲಸ ಮಾಡುವ ನಮ್ಮ ಅಣ್ಣಂದಿರಿಗೂ ತೆರೆದಿರಲಿ. ಸಿನಿಮಾ ನೋಡಬೇಡಿ ಎಂದು ಹೇಳುವುದಕ್ಕಿಂತ, ನೋಡಿದ ಸಿನಿಮಾದ ಬಗ್ಗೆ ತರಗತಿಯಲ್ಲಿ ಹತ್ತು ನಿಮಿಷ ಮಾತಾಡಲು ಬಿಟ್ಟರೆ ನಮಗೆ ಹೆಚ್ಚು ಉಪಕಾರವಾಗುತ್ತದೆ.

ನಾನಂತೂ ಸಿನಿಮಾ ನೋಡುವುದನ್ನು ಬಿಡುವುದಿಲ್ಲ. ‘ಡಿಸ್ಟ್ರಿಕ್ಟ್ ಬಿ13’ ಇನ್ನೊಮ್ಮೆ ಹಾಕಿದರೆ ಇನ್ನೊಮ್ಮೆ ನೋಡುತ್ತೇನೆ, ಹಾರುವ ದೃಶ್ಯಕ್ಕೆ ಸಿಳ್ಳೆಯನ್ನೂ ಹೊಡೆಯುತ್ತೇನೆ. ಭಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೆಳಗೆ ಓಡುವ ಅಕ್ಷರಗಳನ್ನು ಈ ಸಲ ಅವರಿಗೆ ಓದಿ ಹೇಳುತ್ತೇನೆ. ಭಾಯಿಯ ಪ್ರಕರಣ ಇನ್ನೂ ಮುಗಿದಿಲ್ಲ. ಮುಂದಿನ ತಿಂಗಳು ಅವರು ನಾಲ್ಕನೇ ಸಲ ರೈಲು ಹತ್ತಬೇಕು.